ಚಕ್ಕುಬಂದಿ ಪಿಳ್ಳಪ್ಪನವರು

ಪಿಳ್ಳಪ್ಪನವರು ನನ್ನನ್ನು ಮೊದಲ ಸಲ ಕಂಡಾಗ ಹೆಸರು ಕೇಳಲಿಲ್ಲ. "ಚಕ್ಕುಬಂದಿ ಹೇಳಮ್ಮ" ಅಂದರು.

ಚಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ. ಪತ್ರದಲ್ಲಿ ಅದಿಲ್ಲದಿದ್ದರೆ ಎಷ್ಟು ಎಕರೆ ಬರೆದುಕೊಂಡರೂ ಪ್ರಯೋಜನವಿಲ್ಲ. ಕಪ್ಪು ಕೋಟು ಹಾಕಿಕೊಂಡು ಬೆಪ್ಪಾಗಿ ನಿಂತಿದ್ದ ನನ್ನನ್ನು ನೋಡಿ ಕೊನೆಗೆ ಅವರೇ ಹೇಳಿದರು: "ಪೂರ್ವಕ್ಕೆ ಚಿಂತಾಮಣಿ ಬಸ್ಸು, ಪಶ್ಚಿಮಕ್ಕೆ ಕೋರ್ಟು, ಉತ್ತರಕ್ಕೆ ನಿಮ್ಮಪ್ಪನ ಕೋಪ, ದಕ್ಷಿಣಕ್ಕೆ ಕೂರೋಕೆ ಜಾಗ ಇಲ್ದಿರೋ ಕಷ್ಟ. ಸರೀನಾ?" ನಾಲ್ಕೂ ಸರಿಯಾಗಿದ್ದವು. ಚಿಂತಾಮಣಿಯಿಂದ ದಿನಾ ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಬಂದು ವಕೀಲಿಕೆ ಮಾಡುತ್ತೇನೆಂದು ಹೊರಟಿದ್ದ ನನಗೆ ಯಾವ ಹಿರಿಯ ವಕೀಲರೂ ಒಂದು ಕುರ್ಚಿ ಕೊಟ್ಟಿರಲಿಲ್ಲ. ಎಂಬತ್ತರ ದಶಕದಲ್ಲಿ ಹೆಣ್ಣುಮಗಳೊಬ್ಬಳು ಅಲ್ಲಿ ಕೋಟು ಹಾಕಿಕೊಂಡು ಬಂದರೆ ಜನ ನಿಂತು ನೋಡುತ್ತಿದ್ದರು. ಪಿಳ್ಳಪ್ಪನವರು ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದಿನ ಹೊಂಗೆ ಮರದ ಕೆಳಗಿದ್ದ ತಮ್ಮ ಬೆಂಚಿನಲ್ಲಿ ಸ್ವಲ್ಪ ಸರಿದು ಕೂತರು. ಆ ಅರ್ಧ ಬೆಂಚೇ ಹತ್ತು ವರ್ಷ ನನ್ನ ಆಫೀಸು.

ಅವರು ಪತ್ರ ಬರಹಗಾರರು. ಕ್ರಯಪತ್ರ, ವಿಭಾಗ ಪತ್ರ, ದಾನಪತ್ರ, ಉಯಿಲು, ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ, ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದರು. ಟೈಪು ಮಾಡುವವರು ಪಕ್ಕದಲ್ಲೇ ಬಂದು ಕೂತರೂ ಜನ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು, ಕಾರಣ ಅವರ ಅಕ್ಷರ. ಒಂದೊಂದು ಅಕ್ಷರವೂ ಅಚ್ಚಿನ ಮೊಳೆಯಿಂದ ಬಂದಂತೆ ದುಂಡಗೆ, ಬಿಡಿಬಿಡಿಯಾಗಿ ಇರುತ್ತಿತ್ತು. "ನನ್ನ ಪತ್ರ ಓದೋಕೆ ಕನ್ನಡ ಬರ್ಬೇಕು ಅಂತೇನಿಲ್ಲ, ಕಣ್ಣಿದ್ರೆ ಸಾಕು" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಸಾಲಿನ ಕೊನೆಯಲ್ಲಿ ಜಾಗ ಉಳಿದರೆ ಅಲ್ಲೊಂದು ಗೀಟು ಎಳೆಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಖಾಲಿ ಜಾಗ ಬಿಟ್ರೆ ಯಾವನಾದ್ರೂ ಬಂದು ಕೂತ್ಕೊಂಡು ಬಿಡ್ತಾನೆ" ಅಂದರು. ನಾನು ಕೂತಿದ್ದ ಅರ್ಧ ಬೆಂಚು ನೆನಪಾಗಿ ಇಬ್ಬರೂ ನಕ್ಕೆವು.

ಕಾಗದ ಎಂದರೆ ಅವರಿಗೆ ದೇವರು. ಬಾಯಿಮಾತಿನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅಣ್ಣತಮ್ಮಂದಿರು ಜಗಳವಾಡುತ್ತ ಬಂದರೆ, "ಬಾಯಲ್ಲಿ ಆಡಿದ್ದು ಸಾಯಂಕಾಲಕ್ಕೆ ಮರ್ತೋಗುತ್ತೆ, ಬರೆದಿಟ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ, ಕೂತ್ಕೊಳ್ರಪ್ಪ" ಎನ್ನುತ್ತಿದ್ದರು. ಅಕ್ಕತಂಗಿಯರ ಹಕ್ಕು ಖುಲಾಸೆ ಬರೆಯುವಾಗ ಮಾತ್ರ ಗಂಡಸರನ್ನೆಲ್ಲ ದೂರ ಕಳಿಸಿ ಆ ಹೆಣ್ಣುಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು, "ನಿಜವಾಗ್ಲೂ ಬಿಡ್ತೀಯೇನಮ್ಮ? ಅಳ್ತಾ ಬಿಡ್ಬೇಡ. ಅಳು ಬಂದ್ರೆ ಎದ್ದು ಹೋಗು, ನಾನು ಇಂಕು ಮುಗೀತು ಅಂತ ಹೇಳ್ತೀನಿ" ಎನ್ನುತ್ತಿದ್ದರು. ಎಷ್ಟೋ ಸಲ ಅವರ ಇಂಕು ಮುಗಿದದ್ದನ್ನು ನಾನೇ ನೋಡಿದ್ದೇನೆ.

ಅವರು ಬರೆದ ಪತ್ರ ವ್ಯಾಜ್ಯಕ್ಕೆ ಬಂದರೆ ಕೋರ್ಟು ಅವರನ್ನು ಸಾಕ್ಷಿಗೆ ಕರೆಯುತ್ತಿತ್ತು. ಆ ದಿನ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬರುತ್ತಿದ್ದರು. "ಇದು ನಿಮ್ಮ ಬರಹವೇ?" ಎಂದು ವಕೀಲರು ಕೇಳಿದರೆ ತಕ್ಷಣ ಹೌದೆನ್ನುತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದ್ದರು. ಇಡೀ ಕೋರ್ಟು ಕಾಯಬೇಕು. ಆಮೇಲೆ, "ನಂದೇ ಸ್ವಾಮಿ. ಮೂರನೇ ಪುಟದಾಗೆ ಪೆನ್ನು ಬದಲಾಯಿಸಿದೀನಿ, ಅದನ್ನೂ ಬರ್ಕೊಂಬಿಡಿ." ಅವರ ಒಂದು ಪತ್ರವೂ ಕೋರ್ಟಿನಲ್ಲಿ ಬಿದ್ದಿರಲಿಲ್ಲ. ಈ ಮಾತನ್ನು ವಾರಕ್ಕೆ ಎರಡು ಸಲವಾದರೂ ನನಗೆ ಹೇಳುತ್ತಿದ್ದರು, ನಾನೂ ಪ್ರತಿ ಸಲ ಹೊಸದಾಗಿ ಕೇಳಿದವಳಂತೆ ತಲೆಯಾಡಿಸುತ್ತಿದ್ದೆ.

ಅವರ ಮನೆ ಮೇಲೂರಿನಲ್ಲಿ. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗಂಡ ಸತ್ತ ತಂಗಿ ಲಕ್ಷ್ಮಮ್ಮ, ಆಕೆಯ ಒಬ್ಬನೇ ಮಗ ನಾಗರಾಜ, ಇಬ್ಬರೂ ಇವರ ಜೊತೆಗೇ ಇದ್ದರು. ನಾಗರಾಜ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಗಾರ. ದಿನವಿಡೀ ಬಿಸಿನೀರಿನಲ್ಲಿ ಗೂಡು ತಡಕಿ ಅವನ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಕಂಠ ಮಾತ್ರ ಬಲು ಚೆನ್ನಾಗಿತ್ತು. ಮಧ್ಯಾಹ್ನ ಮಾವನಿಗೆ ಬುತ್ತಿ ತಂದು ಕೊಟ್ಟು ಮರದ ಕೆಳಗೆ ಒಂದು ತೆಲುಗು ಹಾಡು ಹೇಳಿ ಹೋಗುತ್ತಿದ್ದ. ಕನ್ನಡದಲ್ಲಿ ಹಾಡೋ ಅಂದರೆ, "ತೆಲುಗಲ್ಲಾದ್ರೆ ಗಂಟ್ಲು ತಾನೇ ತೆರ್ಕೊಳ್ತದಕ್ಕ" ಎನ್ನುತ್ತಿದ್ದ.

ಆ ಹಾಡೇ ಅವನನ್ನು ಗಡಿಯಾಚೆಗೆ ಕರೆದುಕೊಂಡು ಹೋಯಿತು. ಎರಡು ವರ್ಷ ಆಂಧ್ರದ ಕಡೆಯ ಒಂದು ಊರಿನಲ್ಲಿ ನೂಲಿನ ಕೆಲಸಕ್ಕಿದ್ದಾಗ ಅಲ್ಲಿನ ಕೂಲಿಕಾರರ ಹಾಡಿನ ತಂಡದೊಂದಿಗೆ ಊರೂರು ತಿರುಗಿ ಹಾಡಿದ್ದ. ಕೂಲಿಯ ಹಾಡು, ನೇಗಿಲಿನ ಹಾಡು. ಆಮೇಲೆ ಅಮ್ಮನ ಕಾಟಕ್ಕೆ ಊರಿಗೆ ಬಂದು ಸೇರಿಕೊಂಡ, ತಂಡವನ್ನೂ ಮರೆತ. ತೊಂಬತ್ತರ ದಶಕದ ಮೊದಲಲ್ಲಿ ಆ ಕಡೆಯ ಸರ್ಕಾರ ಬಂದೂಕು ಹಿಡಿದವರ ಒಂದು ಸಂಘಟನೆಯನ್ನು ನಿಷೇಧಿಸಿತು. ಹಾಡಿನ ತಂಡವೂ ಅದರದೇ ಒಂದು ಅಂಗವೆಂದು ಪತ್ರಿಕೆಯಲ್ಲಿ ಬಂತು. ಪಿಳ್ಳಪ್ಪನವರು ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದರು. ಅವತ್ತು ಅವರು ಯಾರನ್ನೂ ಚಕ್ಕುಬಂದಿ ಕೇಳಲಿಲ್ಲ.

ಹೆದರಿದ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ಅವರಿಗೆ ಗೊತ್ತಿದ್ದದ್ದು ಪತ್ರ. ಪಾಲು ಬೇಡದವರು ಹಕ್ಕು ಖುಲಾಸೆ ಮಾಡಿಕೊಟ್ಟರೆ ಆ ಜಮೀನಿನ ತಂಟೆ ಅವರಿಗೆ ಮತ್ತೆ ಬರುವುದಿಲ್ಲ. ಹಾಗೆಯೇ ನಾಗರಾಜನೂ ಆ ತಂಡದ ಋಣ ಹರಿದುಕೊಂಡು ಬರೆದು ಕೊಡಬೇಕು. ಎರಡು ದಿನ ಯೋಚಿಸಿ, ಒಳ್ಳೆಯ ಛಾಪಾ ಕಾಗದ ತಂದು ನನ್ನ ಎದುರೇ ಬರೆಯಲು ಕೂತರು. ನಾಗರಾಜ ಬಗ್ಗಿ ನೋಡುತ್ತಿದ್ದ.

"ಮಾವ, 'ಸದರಿ ಸಂಘಟನೆಯಲ್ಲಿ ನಾನು ಇಂದಿನವರೆಗೆ ಸದಸ್ಯನಾಗಿದ್ದು' ಅಂತ ಯಾಕೆ ಬರ್ದೆ? ನಾನು ಮೆಂಬರ್ರೇ ಅಲ್ವಲ್ಲ. ಹಾಡೋಕೆ ಹೋಗ್ತಿದ್ದೆ ಅಷ್ಟೆ. ಅದೂ ಬಿಟ್ಟು ಎಷ್ಟು ದಿನ ಆಯ್ತು."

"ಲೋ, ಇದೆ ಅಂತ ಮೊದ್ಲು ಬರೆದ್ರೇನೇ ಬಿಟ್ಟೆ ಅಂತ ಬರೆಯೋಕಾಗೋದು ಕಣೋ. ಇಲ್ದಿರೋ ಹಕ್ಕನ್ನ ಯಾರಾದ್ರೂ ಬಿಟ್ಕೊಡ್ತಾರಾ? ಪತ್ರ ನಿಲ್ಲಲ್ಲ."

"ನೀನ್ ಹೇಳಿದ್ಮೇಲೆ ಸರಿ" ಎಂದು ಅವನು ಸಹಿ ಹಾಕಿದ. ಟೀ ಅಂಗಡಿಯವರು ಮೊದಲ ಸಾಕ್ಷಿ, ಎರಡನೆಯ ಸಾಕ್ಷಿ ನಾನು. ಕಾನೂನು ಓದಿದವಳು ಪಕ್ಕದಲ್ಲೇ ಕೂತಿದ್ದೆ. ನನ್ನ ಕಕ್ಷಿಗಾರರೆಲ್ಲ ಜಮೀನಿನವರು, ನನಗೂ ಆ ಮಾತು ಸರಿಯಾಗಿಯೇ ಕೇಳಿಸಿತು. "ಚೆನ್ನಾಗಿ ಬಂದಿದೆ ಪಿಳ್ಳಪ್ಪನೋರೆ" ಎಂದೂ ಹೇಳಿದೆ. ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಸಬ್ ರಿಜಿಸ್ಟ್ರಾರ್ ಅದನ್ನು ನೋಡಿ ನಕ್ಕು, ಇದನ್ನೆಲ್ಲ ನೋಂದಾಯಿಸಲು ಬರುವುದಿಲ್ಲ ಎಂದರು. ಪಿಳ್ಳಪ್ಪನವರು ಬಿಡಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಹೋಗಿ ನೋಟರಿ ಮುದ್ರೆ ಹಾಕಿಸಿ, ಗಡಿಯಾಚೆಯ ಪೊಲೀಸ್ ಠಾಣೆಗೆ ತಾವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ತಲುಪಿದ್ದಕ್ಕೆ ಸಹಿಯಾಗಿ ಬಂದ ಕಾರ್ಡನ್ನು ನನಗೆ ತೋರಿಸಿ, "ಇನ್ನು ಲಕ್ಷ್ಮಿ ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ" ಅಂದರು.

ಒಂದು ವರ್ಷ ಏನೂ ಆಗಲಿಲ್ಲ. ಆಮೇಲೆ ಗಡಿಯಾಚೆ ಪೊಲೀಸ್ ಜೀಪಿನ ಮೇಲೆ ಬಾಂಬು ಬಿತ್ತು, ಜನ ಸತ್ತರು. ಪೊಲೀಸರು ಹಳೆಯ ಕಡತಗಳನ್ನೆಲ್ಲ ಬಿಚ್ಚಿದರು. ಈ ಕಡೆಯ ಜನರ ಪೈಕಿ ಹೆಸರು, ವಿಳಾಸ, ಸಹಿ ಸಮೇತ ಅವರ ಕೈಗೆ ಸಿಕ್ಕಿದ್ದು ಒಂದೇ ಒಂದು ಕಾಗದ. ಬೆಳಿಗ್ಗೆ ಹತ್ತು ಗಂಟೆಗೆ ಬಂದು ನಾಗರಾಜನನ್ನು ಕೆಲಸದಲ್ಲಿದ್ದ ಹಾಗೆಯೇ, ಒದ್ದೆ ಕೈಯಲ್ಲೇ ಕರೆದುಕೊಂಡು ಹೋದರು. ಹಾಕಿದ್ದು ಟಾಡಾ, ಭಯೋತ್ಪಾದಕರಿಗೆಂದು ಮಾಡಿದ ಕಾಯ್ದೆ.

ಪಿಳ್ಳಪ್ಪನವರು ನನ್ನ ಕೈಯಲ್ಲಿ ಆ ಕಾಯ್ದೆಯ ಪುಸ್ತಕ ತರಿಸಿ, ಒಂದೊಂದು ಕಲಮನ್ನೂ ಕನ್ನಡದಲ್ಲಿ ಹೇಳಿಸಿಕೊಂಡರು. ಅದಕ್ಕೆ ಆಗತಾನೇ ಹೊಸ ಉಪಕಲಮೊಂದು ಸೇರಿತ್ತು: ಭಯೋತ್ಪಾದಕ ಕೃತ್ಯಗಳಲ್ಲಿ ತೊಡಗಿದ ಸಂಘಟನೆಯ ಸದಸ್ಯನಾಗಿದ್ದರೆ ಕಡಿಮೆಯೆಂದರೆ ಐದು ವರ್ಷ, ಹೆಚ್ಚೆಂದರೆ ಜೀವಾವಧಿ. ಬಾಂಬು ಹಾಕಿರಬೇಕಾಗಿಲ್ಲ, ಸದಸ್ಯನಾಗಿದ್ದರೆ ಸಾಕು.

"ಯಾವ್ ಯಾವ್ ಸಂಘ ಅಂತ ಪಟ್ಟಿ ಎಲ್ಲೈತೆ?" ಎಂದು ಕೇಳಿದರು.

ಈ ಕಾಯ್ದೆಯಲ್ಲಿ ಪಟ್ಟಿಯಿಲ್ಲ ಎಂದೆ. ಕಾನೂನುಬಾಹಿರ ಸಂಘಗಳಿಗೆ ಬೇರೆಯೇ ಕಾಯ್ದೆಯಿದೆ, ಅದರಲ್ಲಿ ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಹೆಸರು ಹಾಕಿ ನಿಷೇಧಿಸಬೇಕು, ಅದು ಸರಿಯೇ ಎಂದು ನ್ಯಾಯಮಂಡಳಿಯೊಂದು ಪರಿಶೀಲಿಸಬೇಕು. ಇಲ್ಲಿ ಹಾಗಿಲ್ಲ, ಸಂಘಟನೆ ಎಂಥದ್ದು ಎಂಬುದನ್ನು ವಿಚಾರಣೆಯಲ್ಲೇ ತೀರ್ಮಾನಿಸುತ್ತಾರೆ ಎಂದು ಬಿಡಿಸಿ ಹೇಳಿದೆ.

"ಸದಸ್ಯ ಅಂದ್ರೆ ಯಾರು ಅಂತ?"

"ಅದನ್ನೂ ಬರೆದಿಲ್ಲ."

"ವಿಚಾರಣೆ ಆಗೋಗಂಟ ಜಾಮೀನು?"

"ತಪ್ಪು ಮಾಡಿಲ್ಲ ಅಂತ ಜಡ್ಜಿಗೆ ಮೊದಲೇ ಅನ್ನಿಸಬೇಕು. ಆಗ ಮಾತ್ರ ಕೊಡ್ತಾರೆ."

ಅವರು ಪುಸ್ತಕ ಮುಚ್ಚಿದರು. "ಎರಡು ಗುಂಟೆ ಹಿತ್ಲು ಮಾರೋಕೆ ನಾಲ್ಕು ದಿಕ್ಕು ಬರೀತೀವಲ್ಲಮ್ಮ. ಮನುಷ್ಯನ್ನ ಜೀವಾವಧಿ ಒಳಗಾಕೋ ಕಾಗ್ದಕ್ಕೆ ಚಕ್ಕುಬಂದೀನೇ ಇಲ್ಲ." ಅವರ ದನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು. ತಮ್ಮ ಕಸುಬಿನವರೇ ಯಾರೋ ಕೆಟ್ಟದಾಗಿ ಬರೆದಿದ್ದಾರೆ ಎಂಬಂತೆ ಪುಸ್ತಕವನ್ನು ಬೆಂಚಿನ ಮೇಲೆ ದೂರ ಸರಿಸಿದರು.

ನಾನೇ ಸಾಕ್ಷಿಯಾಗಿದ್ದರಿಂದ ಅವನ ಪರವಾಗಿ ನಿಲ್ಲುವಂತಿರಲಿಲ್ಲ. ಗಡಿಯಾಚೆಯ ವಕೀಲರೊಬ್ಬರು ಒಪ್ಪಿಕೊಂಡರು. ಜಾಮೀನು ಸಿಗಲಿಲ್ಲ. ವಿಚಾರಣೆ ಶುರುವಾಗುವ ಮೊದಲೇ ಟಾಡಾ ಕಾಯ್ದೆಯ ಅವಧಿ ಮುಗಿದು ಅದು ರದ್ದಾಯಿತು. ಹೊಂಗೆ ಮರದ ಕೆಳಗೆ ಅವತ್ತು ಪಿಳ್ಳಪ್ಪನವರು ಎಲ್ಲರಿಗೂ ಟೀ ಕೊಡಿಸಿದರು. ಕಾಯ್ದೆ ಹೋದರೂ ಅದರ ಕೆಳಗೆ ಆಗಲೇ ಹಾಕಿದ ಕೇಸುಗಳು ಹೋಗುವುದಿಲ್ಲ ಎಂದು ನಾನು ಹೇಳಬೇಕಾಯಿತು. ಅವರು ಲೋಟ ಕೆಳಗಿಟ್ಟರು.

ಆ ಕಡೆಯ ವಿಶೇಷ ನ್ಯಾಯಾಲಯದಿಂದ ಪಿಳ್ಳಪ್ಪನವರಿಗೂ ನನಗೂ ಸಮನ್ಸು ಬಂತು, ಸರ್ಕಾರದ ಪರ ಸಾಕ್ಷಿಗಳೆಂದು. ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲಿ ಕೂತಿದ್ದರು. ಇಸ್ತ್ರಿ ಪಂಚೆಯನ್ನೇ ಉಟ್ಟಿದ್ದರು.

ಮೊದಲು ನನ್ನನ್ನು ಕರೆದರು. ಸಹಿ ನನ್ನದೇ ಎಂದು ಒಪ್ಪಿಕೊಂಡು, ಅವನು ಸದಸ್ಯನಲ್ಲ, ಬರೀ ಹಾಡಲು ಹೋಗುತ್ತಿದ್ದವನು ಎಂದೂ ಹೇಳಿದೆ. ಬರಹದಲ್ಲಿರುವುದರ ವಿರುದ್ಧ ಬಾಯಿಮಾತು ನಡೆಯುವುದಿಲ್ಲ ಎಂದು ಸರ್ಕಾರಿ ವಕೀಲರು ಎದ್ದು ನಿಂತರು. ಆಮೇಲೆ ಪಿಳ್ಳಪ್ಪನವರು ಕಟಕಟೆ ಹತ್ತಿದರು. ಎದುರಿಗೆ ನಾಗರಾಜ, ತೀರ ಇಳಿದುಹೋಗಿದ್ದ. ಪತ್ರವನ್ನು ಕೈಗೆ ಕೊಟ್ಟರು. ಅವರು ಕನ್ನಡಕ ಒರೆಸಿಕೊಂಡು ಎಂದಿನಂತೆ ಮೊದಲಿನಿಂದ ಕೊನೆಯವರೆಗೆ ಓದಿದರು.

"ನಂದೇ" ಅಂದರು.

ಕಡತದಲ್ಲಿದ್ದ ಪತ್ರದ ತೆಲುಗು ಅನುವಾದ ಅರ್ಥವಾಗುವಂತಿರಲಿಲ್ಲ. ಸಾಕ್ಷಿಗೆ ಎರಡೂ ಭಾಷೆ ಬರುತ್ತದೆಂದು ತಿಳಿದು ನ್ಯಾಯಾಧೀಶರು, "ಮೀರೇ ಚದಿವಿ ತೆಲುಗುಲೋ ಚೆಪ್ಪಂಡಿ" ಎಂದರು, ನೀವೇ ಓದಿ ತೆಲುಗಿನಲ್ಲಿ ಹೇಳಿ ಎಂದು. ಮೂಲ ಪತ್ರವನ್ನು ತಮ್ಮ ಮುಂದಿಟ್ಟುಕೊಂಡು ನಕಲನ್ನು ಅವರಿಗೆ ಕೊಟ್ಟರು.

ಪಿಳ್ಳಪ್ಪನವರು ಒಂದೊಂದೇ ವಾಕ್ಯವನ್ನು ತೆಲುಗಿನಲ್ಲಿ ಹೇಳತೊಡಗಿದರು. ಹೆಸರು, ತಂದೆಯ ಹೆಸರು, ವಯಸ್ಸು, ಊರು. ಆ ಸಾಲು ಬಂತು. ಅವರು ನಿಂತರು. ನಾಗರಾಜನ ಕಡೆ ನೋಡಿದರು. ಆಮೇಲೆ ನಿಧಾನವಾಗಿ, ಅಕ್ಷರ ಅಕ್ಷರವೂ ಬಿಡಿಸಿ, "ನೇನು ಏ ರೋಜೂ ಸಭ್ಯುಣ್ಣಿ ಕಾನು" ಎಂದರು. ನಾನು ಯಾವತ್ತೂ ಸದಸ್ಯನಲ್ಲ.

ಆ ಕೋಣೆಯಲ್ಲಿ ಕನ್ನಡ ಓದಬಲ್ಲವರು ನಾವು ಮೂವರೇ ಎಂದುಕೊಂಡಿದ್ದೆ. ಆದರೆ ತೆಲುಗು ಲಿಪಿಗೂ ನಮ್ಮ ಲಿಪಿಗೂ ಎಷ್ಟು ಕಡಿಮೆ ಅಂತರ! ನ್ಯಾಯಾಧೀಶರು ಆ ದುಂಡು ಅಕ್ಷರಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಕೂಡಿಸಿಕೊಂಡು ಓದುತ್ತಿದ್ದರು. ತಲೆಯೆತ್ತಿ, ಸಿಟ್ಟೇನೂ ಇಲ್ಲದೆ ಕೇಳಿದರು: "ಪೆದ್ದಾಯನಾ, ಇಕ್ಕಡ 'ಸದಸ್ಯ' ಅನಿ ಉಂದಿ ಕದಾ?" ಹಿರಿಯರೇ, ಇಲ್ಲಿ ಸದಸ್ಯ ಎಂದು ಇದೆಯಲ್ಲ?

ಪಿಳ್ಳಪ್ಪನವರು ಕನ್ನಡಕ ತೆಗೆದರು. "ಉಂದಿ ಸ್ವಾಮಿ" ಎಂದರು.

ಅವರು ಹೇಳಿದ್ದು ನಿಜ, ಬರೆದದ್ದು ಸುಳ್ಳು. ಆದರೆ ಉಳಿದದ್ದು ಬರೆದದ್ದೇ. ನಾಗರಾಜ ತನ್ನ ಕೈಯಾರೆ ಒಪ್ಪಿಕೊಂಡಿದ್ದಾನೆ ಎಂದು ತೀರ್ಪಿನಲ್ಲಿ ಬಂತು. ಕಾಯ್ದೆ ಹೇಳಿದ ಕನಿಷ್ಠ ಶಿಕ್ಷೆ, ಐದು ವರ್ಷ. ಮೇಲ್ಮನವಿಗೆ ನೇರವಾಗಿ ದಿಲ್ಲಿಗೇ ಹೋಗಬೇಕಿತ್ತು, ಕಳಿಸಿದೆವು, ಅದು ಅಲ್ಲೇ ಉಳಿಯಿತು. ಪೊಲೀಸರು ಹೊರಗೆ ಕರೆದುಕೊಂಡು ಹೋಗುವಾಗ ನಾಗರಾಜ, "ಮಾವ, ಬಿಸಿಲಾಗೆ ನಿಂತ್ಕೋಬೇಡ, ಬಸ್ಸು ಹತ್ತು" ಎಂದ.

ಪಿಳ್ಳಪ್ಪನವರು ಆಮೇಲೆ ಬೆಂಚಿಗೆ ಬರಲಿಲ್ಲ. ಜನ ಬಂದು ಬಂದು ಹೋದರು. ಒಂದು ಮಧ್ಯಾಹ್ನ ನಾನೇ ಮೇಲೂರಿಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು, ಗಡ್ಡ ಬೆಳೆದಿತ್ತು. ಲಕ್ಷ್ಮಮ್ಮ ನೀರು ತಂದಿಟ್ಟು ಒಳಗೆ ಹೋದರು, ಅಣ್ಣನ ಮುಖ ನೋಡಲಿಲ್ಲ.

"ಮಾತಾಡಲ್ಲಮ್ಮ ಅವಳು" ಎಂದರು ಪಿಳ್ಳಪ್ಪನವರು, ಮೆಲ್ಲಗೆ. "ಹೊತ್ತೊತ್ತಿಗೆ ಮುದ್ದೆ ಇಕ್ತಾಳೆ. ಮಾತಿಲ್ಲ." ಆಮೇಲೆ ಕೇಳಿದರು: "ಲಾಯರಮ್ಮ, ನಿಜ ಹೇಳಿ. ನಾನು ಆ ಪತ್ರ ಬರೀದೇ ಇದ್ದಿದ್ರೆ ಅವನು ಈಗ ಮನೇಲಿರ್ತಿದ್ನಾ?"

"ಇಲ್ಲ" ಎಂದೆ. "ಹೇಗಿದ್ರೂ ಹಿಡೀತಿದ್ರು ಪಿಳ್ಳಪ್ಪನೋರೆ. ಪೊಲೀಸ್ರ ಹತ್ರ ಬೇರೆ ಸಾಕ್ಷಿ ಇತ್ತು. ನಿಮ್ಮ ಪತ್ರದಿಂದ ಏನೂ ಆಗಿಲ್ಲ."

ಅವರು ನನ್ನನ್ನೇ ನೋಡಿದರು. ನಂಬಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. "ಹಂಗಂತ ಬರ್ದು ಕೊಡ್ತೀರಾ?" ಎಂದರು. "ಒಂದೇ ಸಾಲು ಸಾಕು. ಲಕ್ಷ್ಮಿಗೆ ಓದಿ ಹೇಳ್ತೀನಿ. ನನ್ನ ಬಾಯಿಮಾತು ಅವಳು ನಂಬಲ್ಲ."

ನನ್ನ ಚೀಲದಲ್ಲೇ ಕಾಗದ ಇತ್ತು, ಪೆನ್ನೂ ಇತ್ತು. "ನಾಳೆ ಬರ್ದು ತರ್ತೀನಿ" ಎಂದೆ. ಬಾಯಲ್ಲಿ ಹೇಳಿದ ಸುಳ್ಳನ್ನು ಕಾಗದದ ಮೇಲೆ ಇಳಿಸಲು ಕೈ ಬರಲಿಲ್ಲ. ಮಾರನೆಯ ದಿನ ಕೋರ್ಟಿನಲ್ಲಿ ಕೆಲಸವಿತ್ತು ಎಂದುಕೊಂಡೆ, ಅದರ ಮಾರನೆಯ ದಿನವೂ ಹಾಗೆಯೇ. ನಿಜ ಹೇಳಬೇಕೆಂದರೆ ಹೋಗಲು ಹೆದರಿದ್ದೆ. ಆ ಮನುಷ್ಯ ಮಗುವಿನಂತೆ ಸಾಕಿದ ಹುಡುಗನಿಗಾಗಿ, ತುಂಬಿದ ಕೋರ್ಟಿನಲ್ಲಿ ತಮ್ಮ ಅಕ್ಷರಕ್ಕೇ ಎದುರು ಮಾತಾಡಿದ್ದರು. ನಾನು ಒಂದು ಸಾಲಿಗೆ ಜಿಪುಣತನ ಮಾಡಿದೆ.

ಇಪ್ಪತ್ತು ದಿನದ ಮೇಲೆ ಅವರು ಹೋದ ಸುದ್ದಿ ಬಂತು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಜೈಲಿನಿಂದ ನಾಗರಾಜನನ್ನು ಕಳಿಸಿರಲಿಲ್ಲ. ಲಕ್ಷ್ಮಮ್ಮ ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡು ಎದ್ದು, ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು.

"ಚಿಂತಾಮಣಿ ಬಸ್ ಬರೋ ಹೊತ್ಗೆ ದಿನಾ ಬಾಗ್ಲಿಗೆ ಬಂದು ಕೂರೋನು. ಲಾಯರಮ್ಮ ಏನೋ ಕಾಗ್ದ ತರ್ತಾರೆ ಅಂತ ಬೀದಿ ಹುಡುಗ್ರ ಹತ್ರ ಹೇಳ್ತಿದ್ದ. ಏನ್ ಕಾಗ್ದಮ್ಮ ಅದು?"

ಅವರ ಪತ್ರದಿಂದ ನಾಗರಾಜನಿಗೆ ಏನೂ ಆಗಿಲ್ಲ ಎಂಬ ಕಾಗದ, ನಿಮಗೆ ಓದಿ ಹೇಳಬೇಕು ಅಂತಿದ್ದರು, ನೀವು ಮಾತು ಬಿಟ್ಟಿದ್ದಕ್ಕೆ, ಎಂದೆ.

ಲಕ್ಷ್ಮಮ್ಮ ನನ್ನ ಕೈ ಬಿಟ್ಟರು. "ಅಯ್ಯೋ, ನಾನ್ಯಾವಾಗ ನಮ್ಮಣ್ಣನ್ನ ದೂರಿದೆನಮ್ಮ?" ಎಂದರು. "ಬಾಯಿ ತೆಗೆದ್ರೆ ಅಳು ಬರ್ತಿತ್ತು. ನಾನ್ ಅತ್ರೆ ಅವನು ತಡ್ಕೊಳ್ಳಲ್ಲ ಅಂತ ಸುಮ್ಕಿದ್ದೆ."